ಎರಡು ವರ್ಷದಿಂದ ಬಳಸುತ್ತಿರುವ ಎನ್‌ಡಿ ಫಿಲ್ಟರ್: ಹೂವಿನ ಮಾರ್ಕೆಟ್‌ನಲ್ಲಿ ಕೊಟ್ಟಿದ್ದು, ಕಸಿದುಕೊಂಡಿದ್ದು

ಈ ವೇರಿಯಬಲ್ ಎನ್‌ಡಿ ಫಿಲ್ಟರ್ ಕೊಂಡು ಎರಡು ವರ್ಷ ದಾಟಿತು. ಎನ್‌ಡಿ ಅಂದರೆ ಲೆನ್ಸ್ ಮುಂದೆ ಹಾಕುವ, ಬೆಳಕು ಕಡಿಮೆ ಮಾಡುವ ಕಪ್ಪು ಗಾಜು. ವೇರಿಯಬಲ್ ಆದರೆ ರಿಂಗ್ ತಿರುಗಿಸಿ ಎಷ್ಟು ಕಪ್ಪು ಬೇಕೋ ಅಷ್ಟು ಮಾಡಬಹುದು. ಎರಡರಿಂದ ಐದು ಸ್ಟಾಪ್ (ಒಂದೊಂದು ಸ್ಟಾಪ್‌ಗೂ ಬೆಳಕು ಅರ್ಧವಾಗುತ್ತದೆ), 52 ಎಂಎಂ, 2,600 ರೂಪಾಯಿ. ಕಂಪನಿಯ ಹೆಸರು ಬರೆಯುವುದಿಲ್ಲ. ಎರಡು ವರ್ಷದಲ್ಲಿ ಇದು ನನಗೆ ತುಂಬಾ ಸಂತೋಷ ಕೊಟ್ಟಿದೆ, ಒಂದು ವಿಷಯದಲ್ಲಿ ಮಾತ್ರ ಬೇಜಾರು ಮಾಡಿದೆ. ಎರಡನ್ನೂ ಹೇಳುತ್ತೇನೆ.

ನಾನು ತೆಗೆಯುವುದು ಬೀದಿಯ ಫೋಟೋ. ಜನರ ಓಡಾಟ ಫೋಟೋದಲ್ಲಿ ಓಡಾಟದ ಹಾಗೆಯೇ ಕಾಣಬೇಕು ಅನ್ನೋದು ನನ್ನ ಆಸೆ. ಆದರೆ ಬಿಸಿಲಲ್ಲಿ ಐಎಸ್‌ಒ (ಬೆಳಕು ಹಿಡಿಯುವ ಶಕ್ತಿ) 100 ಇಟ್ಟು, ಲೆನ್ಸ್‌ನ ಕಿಂಡಿಯನ್ನು ಎಫ್ 11ಕ್ಕೆ ಕಿರಿದು ಮಾಡಿದರೂ ಶಟರ್ 1/200 ಸೆಕೆಂಡಿನ ಹತ್ತಿರ ಬಂದು ನಿಲ್ಲುತ್ತದೆ. ನಡೆಯುವವರೆಲ್ಲ ಕಲ್ಲಾಗಿಬಿಡುತ್ತಾರೆ. ಫೋಟೋಗ್ರಾಫರ್ ಅರ್ನ್ಸ್ಟ್ ಹಾಸ್ 1956ರಲ್ಲಿ ಸ್ಪೇನಿನ ಪಾಂಪ್ಲೋನಾದಲ್ಲಿ ಗೂಳಿ ಕಾಳಗವನ್ನು ಬಣ್ಣದಲ್ಲಿ ತೆಗೆದರು. ಗೂಳಿ, ಕೆಂಪು ಬಟ್ಟೆ ಎಲ್ಲ ಒಂದರೊಳಗೊಂದು ಹರಿದುಹೋದ ಹಾಗಿವೆ. ಆಗಿನ ಕೊಡಾಕ್ರೋಮ್ ಫಿಲ್ಮ್‌ನ ವೇಗ, ಅಂದರೆ ಈಗಿನ ಐಎಸ್‌ಒ ಲೆಕ್ಕ, 10ರ ಆಸುಪಾಸು. ನಿಧಾನ ಶಟರ್ ಅವರಿಗೆ ಸುಲಭವಾಗಿ ಸಿಗುತ್ತಿತ್ತು. ನಮ್ಮ ಕ್ಯಾಮೆರಾಗಳು 100, 200ರಿಂದಲೇ ಶುರುವಾಗುತ್ತವೆ. ಹಾಗಾಗಿ ಕತ್ತಲನ್ನು ದುಡ್ಡು ಕೊಟ್ಟು ತರಬೇಕಾಯಿತು. ಐದು ಸ್ಟಾಪ್ ಹಾಕಿದರೆ ಅದೇ ಬಿಸಿಲಲ್ಲಿ 1/6 ಸೆಕೆಂಡ್ ಸಿಗುತ್ತದೆ.

ಶನಿವಾರ ಬೆಳಗ್ಗೆ ಹಸಿರು ಲೈನಿನ ಮೆಟ್ರೋದಲ್ಲಿ ಕೆ.ಆರ್. ಮಾರ್ಕೆಟ್‌ಗೆ ಹೋಗುತ್ತೇನೆ. ಫಿಲ್ಟರ್ ಕನ್ನಡಕದ ಬಟ್ಟೆಯಲ್ಲಿ ಸುತ್ತಿ ಅಂಗಿಯ ಜೇಬಿನಲ್ಲಿರುತ್ತದೆ. ಮೊದಲು ಒಂದು ಕಾಫಿ. ಆಮೇಲೆ ಮಾರ್ಕೆಟ್‌ನೊಳಗೆ ಹೋಗಿ ಒಂದು ಕಂಬ ಹುಡುಕುತ್ತೇನೆ. ಕಂಬಕ್ಕೆ ಬೆನ್ನು ಕೊಟ್ಟು, ಎರಡೂ ಮೊಣಕೈ ಪಕ್ಕೆಗೆ ಒತ್ತಿ, ರಿಂಗ್ ತಿರುಗಿಸುತ್ತೇನೆ. ಪರದೆಯಲ್ಲಿ ಮಾರ್ಕೆಟ್ ಮೆಲ್ಲಗೆ ಕಪ್ಪಾಗುತ್ತಾ ಬರುತ್ತದೆ, ಶಟರ್ ನಿಧಾನ ಮಾಡಿದರೆ ಮತ್ತೆ ಬೆಳಕಾಗುತ್ತದೆ. ಈ ಒಂದು ಕ್ಷಣ ನನಗೆ ತುಂಬಾ ಇಷ್ಟ. ಉಸಿರು ಬಿಟ್ಟು ಒತ್ತಬೇಕು. ಒಂದಲ್ಲ, ಹತ್ತು ಹದಿನೈದು. ಅದರಲ್ಲಿ ಒಂದು ಉಳಿದರೆ ಆ ದಿನ ಚೆನ್ನಾಗಿತ್ತು ಅಂತ ಅರ್ಥ.

ನನ್ನ ಅನುಭವದಲ್ಲಿ 1/30 ಯಾವುದಕ್ಕೂ ಸಾಲದು. ನಡೆಯುವವರು ಸ್ವಲ್ಪವೇ ಮಸುಕಾಗುತ್ತಾರೆ, ನೋಡಿದವರು ಕೈ ಅಲುಗಿದೆ ಅಂದುಕೊಳ್ಳುತ್ತಾರೆ. 1/8ಕ್ಕೆ ಬಂದರೆ ಮುಖ, ಸೀರೆಯ ಬಣ್ಣ ಗುರುತು ಸಿಗುತ್ತದೆ, ಕಾಲುಗಳು ಮಾತ್ರ ಕರಗುತ್ತವೆ. ಅರ್ಧ ಸೆಕೆಂಡಿಗೆ ಮನುಷ್ಯರೇ ಇರುವುದಿಲ್ಲ, ಬರೀ ಬಣ್ಣ. ಆಟೋ ಜೊತೆಗೆ ಕ್ಯಾಮೆರಾ ತಿರುಗಿಸುತ್ತಾ ತೆಗೆಯುವುದಾದರೆ 1/15 ಸರಿ. ಎಲ್ಲದಕ್ಕಿಂತ ಮುಖ್ಯ, ಫ್ರೇಮಿನಲ್ಲಿ ಏನಾದರೂ ಒಂದು ಅಲುಗಾಡದೆ ನಿಂತಿರಬೇಕು. ತೂಕದ ಕಲ್ಲಾದರೂ ಸರಿ.

ಕಳೆದ ವರ್ಷ ಸಾಲಿನ ಕೊನೆಯಲ್ಲಿ ಕನಕಾಂಬರ ಕಟ್ಟುತ್ತಾ ಕೂತ ಒಬ್ಬ ಅಜ್ಜಿ ಸಿಕ್ಕರು. "ಅಜ್ಜಿ, ಒಂದು ಫೋಟೋ ತೆಗೀಲಾ?" ಅಂದೆ. "ತಕ್ಕೊಳಪ್ಪ, ಹೂವು ಕಟ್ಟೋದು ಮಾತ್ರ ನಿಲ್ಸಲ್ಲ" ಅಂದರು. ನನಗೂ ಅದೇ ಬೇಕಿತ್ತು. 1/8ರಲ್ಲಿ ತೆಗೆದೆ. ಅವರ ಮುಖ ಸ್ಪಷ್ಟ, ಬೆರಳುಗಳು ಕಿತ್ತಳೆ ಬಣ್ಣದ ಒಂದು ಸುಳಿ, ಹಿಂದೆ ಬುಟ್ಟಿ ಹೊತ್ತವರೆಲ್ಲ ಉದ್ದುದ್ದ ಗೆರೆ. ತೋರಿಸಿದೆ. ಕಣ್ಣು ಕಿರಿದು ಮಾಡಿ ನೋಡಿ, "ನಾನೊಬ್ಳೇ ಉಳ್ಕೊಂಡಿವ್ನಿ. ಜನ ಎಲ್ಲಾ ಹೊಗೆ ಹೋದಂಗೆ ಹೋಗವ್ರೆ" ಅಂದರು. ಎರಡು ವಾರದ ಮೇಲೆ ಪ್ರಿಂಟ್ ತೆಗೆಸಿ ಕೊಟ್ಟೆ. ಫಿಲ್ಟರ್‌ಗೆ ಕೊಟ್ಟ ದುಡ್ಡು ಅವತ್ತೇ ವಸೂಲಾಯಿತು.

ಈಗ ಬೇಜಾರಿನ ಮಾತು. ರಿಂಗ್ ಸಡಿಲ ಇತ್ತು, ಸರಿ, ಮಗಳ ನೇಲ್ ಪಾಲಿಶ್‌ನಿಂದ ಮೂರು ಸ್ಟಾಪ್ ಬರುವ ಜಾಗಕ್ಕೆ ಒಂದು ಚುಕ್ಕೆ ಇಟ್ಟೆ. ಅಗಲ ಲೆನ್ಸ್‌ನಲ್ಲಿ ಪೂರ್ತಿ ತಿರುಗಿಸಿದರೆ ಚಿತ್ರದ ಮೇಲೆ ಇಂಟು ಗುರುತಿನ ಹಾಗೆ ಕಪ್ಪು ಬೀಳುತ್ತದೆ. ಅಷ್ಟು ತಿರುಗಿಸುವುದನ್ನೇ ಬಿಟ್ಟೆ. ಇವೆಲ್ಲ ಸಹಿಸಬಹುದು. ಸಹಿಸಲಾಗದ್ದು ಹೊಳಪು ಹೋಗುವುದು.

ವೇರಿಯಬಲ್ ಎನ್‌ಡಿ ಅಂದರೆ ಎರಡು ಪೋಲರೈಸರ್ ಗಾಜು, ಒಂದರ ಮೇಲೊಂದು. ಪೋಲರೈಸರ್ ನೀರಿನ ಮೇಲಿನ, ಎಲೆಯ ಮೇಲಿನ ಹೊಳಪನ್ನು ಅಳಿಸುತ್ತದೆ, ಎಷ್ಟು ಅನ್ನೋದು ಅದನ್ನು ಎಷ್ಟು ತಿರುಗಿಸಿದ್ದೇವೆ ಅನ್ನೋದರ ಮೇಲೆ. ಬೆಳಕು ಕಡಿಮೆ ಮಾಡಲು ನಾವು ತಿರುಗಿಸುವುದು ಮುಂದಿನ ಗಾಜನ್ನೇ. ಹಾಗಾಗಿ ಎಷ್ಟು ಹೊಳಪು ಹೋಗುತ್ತದೆ ಅನ್ನೋದು ನಮ್ಮ ಕೈಯಲ್ಲಿ ಇರುವುದೇ ಇಲ್ಲ. ಹೂವಿನ ಸಾಲಿನಲ್ಲಿ ಗಳಿಗೆಗೊಮ್ಮೆ ನೀರು ಚಿಮುಕಿಸುತ್ತಾರೆ. ಬಾಳೆ ಎಲೆ, ಮರುಗ, ನೆಲ, ಎಲ್ಲ ಮಿನುಗುತ್ತಿರುತ್ತದೆ. ಕಣ್ಣಿಗೆ ಕಾಣುವ ಆ ಮಿನುಗು ಫೋಟೋದಲ್ಲಿಲ್ಲ. ಎಲೆ ಬಟ್ಟೆಯ ಹಾಗೆ ಮಂಕಾಗಿ ಬಿದ್ದಿರುತ್ತದೆ. ನನಗೆ ಇದು ತಿಳಿಯಲು ಒಂದು ಪೂರ್ತಿ ಮಳೆಗಾಲ ಬೇಕಾಯಿತು. ಆ ಮೂರು ತಿಂಗಳ ಫೋಟೋ ನೋಡಿದರೆ ಈಗಲೂ ಹೊಟ್ಟೆ ಉರಿಯುತ್ತದೆ. ಒದ್ದೆ ರಸ್ತೆ, ಒಂದರಲ್ಲೂ ಒದ್ದೆ ಅನ್ನಿಸುವುದಿಲ್ಲ.

ಆಮೇಲೆ 900 ರೂಪಾಯಿಗೆ ಸಾದಾ ಎನ್‌ಡಿ8 ತಂದೆ. ಮೂರು ಸ್ಟಾಪ್, ತಿರುಗಿಸುವುದು ಏನೂ ಇಲ್ಲ, ಹೊಳಪು ಇದ್ದ ಹಾಗೇ ಇರುತ್ತದೆ. ಮಾರ್ಕೆಟ್‌ನೊಳಗಿನ ನೆರಳಿಗೆ ಮೂರು ಸ್ಟಾಪ್ ಧಾರಾಳ. ಮಳೆ ಮೋಡದ ಸಂಜೆಗೆ ಅದೂ ಬೇಡ, ಎಫ್ 16 ಇಟ್ಟರೆ ಶಟರ್ ತಾನಾಗಿಯೇ ನಿಧಾನವಾಗುತ್ತದೆ. ನಿಮ್ಮ ಹತ್ತಿರ ಒಂದಕ್ಕೇ ದುಡ್ಡಿದ್ದರೆ, ನೀವು ನೆರಳಿನಲ್ಲೇ ಜಾಸ್ತಿ ತೆಗೆಯುವವರಾದರೆ, ಎನ್‌ಡಿ8 ಕೊಳ್ಳಿ.

ವೇರಿಯಬಲ್ ಫಿಲ್ಟರ್ ಮಾರಿಲ್ಲ. ಅವೆನ್ಯೂ ರಸ್ತೆಯ ನಡುಮಧ್ಯಾಹ್ನಕ್ಕೆ ಅದೇ ಬೇಕು. ಕಾರ್ತಿಕದ ಕೊನೆಯ ಸೋಮವಾರ ಬಸವನಗುಡಿಯ ಕಡಲೆಕಾಯಿ ಪರಿಷೆಗೂ ಅದೇ. ಅಲ್ಲಿ ರಾಶಿಗಳು ಅಲುಗಾಡದೆ ಬಿದ್ದಿರುತ್ತವೆ, ಮಾರುವವರು ರಾಶಿಯ ಹಿಂದೆ ಕೂತಿರುತ್ತಾರೆ, ಜನ ಮಾತ್ರ ನಿಲ್ಲುವುದಿಲ್ಲ. ಕಡಲೆಕಾಯಿ ಸಿಪ್ಪೆಗೆ ಹೊಳಪು ಇಲ್ಲವಲ್ಲ, ಕಳೆದುಕೊಳ್ಳುವುದೂ ಏನಿಲ್ಲ.