ಗೋ-ಕಾರ್ಟ್‌ಗೆ ಚಕ್ರ ಆರಿಸುವಾಗ ನಡುವಿನ ತೂತು ನೋಡಿ

ನನ್ನ ಗೋ-ಕಾರ್ಟ್‌ಗೆ, ಅಂದರೆ ಎಂಜಿನ್ ಇರುವ ಪುಟ್ಟ ತೆರೆದ ಗಾಡಿಗೆ, ಇದುವರೆಗೆ ಮೂರು ಸೆಟ್ ಚಕ್ರ ಬದಲಾಗಿವೆ. ಫ್ರೇಮ್ ಅದೇ, ಎಂಜಿನ್ ಅದೇ: 196 ಸಿಸಿ, 6.5 ಹಾರ್ಸ್‌ಪವರ್, ನೀರಿನ ಪಂಪಿಗೆ ಹಾಕುವ ಥರದ್ದು. ವೇಗವನ್ನು ಮಿತಿಯಲ್ಲಿಡುವ ಗವರ್ನರ್ ಇರುವುದರಿಂದ 3600 ಆರ್‌ಪಿಎಂ (ನಿಮಿಷಕ್ಕೆ ಸುತ್ತು) ದಾಟುವುದಿಲ್ಲ. ಆದರೆ ಚಕ್ರ ಬದಲಾದಾಗಲೆಲ್ಲ ಅದು ಬೇರೆಯದೇ ಗಾಡಿ ಆಗಿಬಿಡುತ್ತಿತ್ತು. ಮೊದಲ ಸಲ ಅಂಗಡಿಗೆ ಹೋದಾಗ ನಾನು ನೋಡಿದ್ದು ಟೈರಿನ ಗ್ರಿಪ್, ರಿಮ್ಮಿನ ಬಣ್ಣ. ನೋಡಬೇಕಿದ್ದದ್ದು ನಡುವಿನ ತೂತು. ಅದರಲ್ಲಿ ಬೇರಿಂಗ್ ಇದೆಯಾ, ಬೋಲ್ಟ್ ಹಾಕೋಕೆ ಜಾಗ ಇದೆಯಾ, ಅದು ಯಾವ ಶಾಫ್ಟಿಗೆ ಕೂರುತ್ತದೆ? ಮಿಕ್ಕಿದ್ದೆಲ್ಲ ಅಲ್ಲಿಂದಲೇ ಶುರು.

ಮೊದಲು ಹಾಕಿದ್ದು ಮಣ್ಣು ಹೊರುವ ಒಂಟಿಗಾಲಿ ಕೈಗಾಡಿಯ ಚಕ್ರ. ಸುಲಭವಾಗಿ ಸಿಗುತ್ತದೆ, ಅಷ್ಟೇ. ಒಳಗೆ ಬೇರಿಂಗ್ ಇರಲಿಲ್ಲ, ಬರೀ ಬುಷ್, ಅಂದರೆ ಗುಂಡುಗಳಿಲ್ಲದ ಕೊಳವೆ. ನಡೆಯುವ ವೇಗಕ್ಕೆ ಮಾಡಿದ ಚಕ್ರ ಅದು. ಹತ್ತು ನಿಮಿಷ ಓಡಿಸಿ ಮುಟ್ಟಿದರೆ ನಡುಭಾಗ ಕೈ ಸುಡುವಷ್ಟು ಬಿಸಿ. ತಿರುವಿನಲ್ಲಿ ತೆಳ್ಳನೆ ರಿಮ್ ಬಾಗುವುದು ಕಣ್ಣಿಗೇ ಕಾಣುತ್ತಿತ್ತು. ಹಿಂದಿನ ಚಕ್ರಕ್ಕೆ ಸ್ಪ್ರಾಕೆಟ್ (ಚೈನ್ ಕೂರುವ ಹಲ್ಲಿನ ತಟ್ಟೆ) ಕೂರಿಸೋಕೂ ಜಾಗವಿಲ್ಲ. ಎರಡೇ ದಿನಕ್ಕೆ ಬಿಚ್ಚಿದೆ.

ಆಗ ಗೆಳೆಯನೊಬ್ಬ ಸೈಕಲ್ ಚಕ್ರ ಹಾಕು ಅಂದ. ಅದನ್ನು ನಾನು ಪ್ರಯೋಗಕ್ಕೂ ಹಾಕಲಿಲ್ಲ. ಸೈಕಲ್ ತಿರುವಿನಲ್ಲಿ ವಾಲುತ್ತದೆ, ಭಾರವೆಲ್ಲ ಚಕ್ರದ ಮೇಲೆ ನೇರವಾಗಿ ಬೀಳುತ್ತದೆ. ಕಾರ್ಟ್ ವಾಲುವುದಿಲ್ಲ, ಚಕ್ರವನ್ನು ಪಕ್ಕಕ್ಕೆ ದೂಡುತ್ತದೆ. ಕಡ್ಡಿಗಳಿಗೆ ಆ ತಾಕತ್ತಿಲ್ಲ.

ಎರಡನೆಯದು ಹಳೆ ಸ್ಕೂಟರಿನ 3.50-10 ಚಕ್ರ (3.50 ಇಂಚು ಅಗಲದ ಟೈರ್, 10 ಇಂಚಿನ ರಿಮ್). ನೋಡಲು ಬಲು ಚೆಂದ. ಬೋಲ್ಟ್ ತೂತುಗಳು ಮೊದಲೇ ಇವೆ, ರಿಮ್ ಗಟ್ಟಿ, ಗುಂಡಿ ಬಿದ್ದ ದಾರಿಯಲ್ಲೂ ಗಾಡಿ ಎಗರುವುದಿಲ್ಲ. ತೊಂದರೆ ಬೇರೆ ಕಡೆ ಇತ್ತು. ಟೈರಿನ ಹೊರ ಅಳತೆ ಸುಮಾರು 430 ಮಿ.ಮೀ. ಒಂದು ಸುತ್ತಿಗೆ 1.35 ಮೀಟರ್ ಮುಂದಕ್ಕೆ ಹೋಗುತ್ತದೆ. ನಾನು ಎಂಜಿನ್ ಕಡೆ 12 ಹಲ್ಲು, ಆಕ್ಸಲ್ (ಹಿಂಚಕ್ರಗಳ ಶಾಫ್ಟ್) ಕಡೆ 48 ಹಲ್ಲಿನ ಸ್ಪ್ರಾಕೆಟ್ ಹಾಕಿದ್ದೆ. ಅಂದರೆ 4:1, ಎಂಜಿನ್ ನಾಲ್ಕು ಸುತ್ತು ತಿರುಗಿದರೆ ಚಕ್ರ ಒಂದು ಸುತ್ತು. ಲೆಕ್ಕದಲ್ಲಿ ಗಂಟೆಗೆ 73 ಕಿ.ಮೀ. ಹೋಗಬೇಕು! ಆ ಲೆಕ್ಕ ನೋಡಿ ಖುಷಿಪಟ್ಟವನು ನಾನೇ.

ಆದದ್ದೇ ಬೇರೆ. ಇಂಥ ಎಂಜಿನ್‌ಗಳಿಗೆ ಹಾಕುವ ಸೆಂಟ್ರಿಫ್ಯೂಗಲ್ ಕ್ಲಚ್ (ಎಂಜಿನ್ ವೇಗ ಏರಿದಾಗ ತಾನೇ ಹಿಡಿಯುವಂಥದ್ದು) ಸುಮಾರು 2000 ಆರ್‌ಪಿಎಂ ಆಸುಪಾಸಿನಲ್ಲಿ ಹಿಡಿಯುತ್ತದೆ. ನನ್ನ ಜೋಡಣೆಯಲ್ಲಿ 2000 ಆರ್‌ಪಿಎಂ ಅಂದರೆ ಗಂಟೆಗೆ 40 ಕಿ.ಮೀ. ಅಂದರೆ ನಿಂತಲ್ಲಿಂದ 40 ಮುಟ್ಟುವವರೆಗೂ ಕ್ಲಚ್ ಜಾರುತ್ತಲೇ ಇರಬೇಕು. ನನ್ನ ಅಂಗಳದಂಥ ಜಾಗದಲ್ಲಿ 40 ಯಾವತ್ತು ಮುಟ್ಟೋದು? ಮೂರನೇ ಸುತ್ತಿಗೆ ಸುಟ್ಟ ವಾಸನೆ ಬಂತು. ಕವರ್ ಬಿಚ್ಚಿ ನೋಡಿದರೆ ಕ್ಲಚ್ ಡ್ರಮ್ ಅಂಚಿನಲ್ಲಿ ನೀಲಿ ಬಣ್ಣಕ್ಕೆ ತಿರುಗಿತ್ತು, ನವಿಲುಗರಿ ಥರ. ಡ್ರಮ್ಮನ್ನು ಒಳಗಿನಿಂದ ಹಿಡಿಯುವ ಶೂಗಳು ಹೊಳೆಯುವ ಗಾಜಿನಂತೆ ನುಣ್ಣಗಾಗಿದ್ದವು.

ಸ್ಕೂಟರ್ ಚಕ್ರದಲ್ಲಿ ಸರಿಯಾದ ಎಳೆತ ಬೇಕು ಅಂದರೆ ಸುಮಾರು 9:1 ಬೇಕು. 10 ಹಲ್ಲಿಗೆ 90 ಹಲ್ಲು. ಅಷ್ಟು ದೊಡ್ಡ ತಟ್ಟೆ ಹಾಕುವ ಬದಲು ನಡುವೆ ಇನ್ನೊಂದು ಶಾಫ್ಟ್ ಹಾಕಿ ಎರಡು ಹಂತದಲ್ಲಿ ಇಳಿಸಬೇಕು, ಮೂರಕ್ಕೆ ಮೂರು ಅಂತ. ಎರಡು ಚೈನ್, ಎರಡು ಜೋಡಿ ಬೇರಿಂಗ್, ಎರಡು ಕಡೆ ಲೈನ್ ನೋಡುವ, ಅಂದರೆ ಸ್ಪ್ರಾಕೆಟ್‌ಗಳು ಒಂದೇ ನೇರಕ್ಕಿವೆಯಾ ಅಂತ ನೋಡುವ ಕೆಲಸ. ಕಚ್ಚಾ ದಾರಿಯಲ್ಲಿ ಓಡಿಸುವವರಿಗೆ ಅದು ಸರಿ. ನನಗೆ ಬೇಡವಾಯಿತು.

ಮೂರನೆಯದು ಕಾರ್ಟ್‌ಗೆಂದೇ ಮಾಡಿದ 5 ಇಂಚಿನ ರಿಮ್. ಮುಂದೆ 10×4.50-5, ಹಿಂದೆ 11×7.10-5 (ಹೊರ ಅಳತೆ, ಅಗಲ, ರಿಮ್, ಎಲ್ಲ ಇಂಚಿನಲ್ಲಿ). ಹಿಂದಿನದರ ಹೊರ ಅಳತೆ ಸುಮಾರು 280 ಮಿ.ಮೀ., ಒಂದು ಸುತ್ತಿಗೆ 88 ಸೆಂ.ಮೀ. 6:1 ಹಾಕಿದರೆ 3600 ಆರ್‌ಪಿಎಂಗೆ ಗಂಟೆಗೆ 32 ಕಿ.ಮೀ. ಕ್ಲಚ್ ಹಿಡಿಯುವುದು 17-18ಕ್ಕೇ. ನೆಲಕ್ಕೆ ಮುಟ್ಟುವ ತಳ್ಳು ಸ್ಕೂಟರ್ ಜೋಡಣೆಗಿಂತ ಎರಡು ಪಟ್ಟಿಗೂ ಜಾಸ್ತಿ. ಗರಿಷ್ಠ ವೇಗ ಅರ್ಧಕ್ಕೂ ಕಡಿಮೆಯಾಯಿತು, ಆದರೆ ಗಾಡಿ ಬೇಗ ಓಡತೊಡಗಿತು. ತಮಾಷೆ ಅಲ್ವಾ?

ಇಲ್ಲೂ ಒಂದು ಪೆಟ್ಟು ತಿಂದೆ. ಕೈಯಲ್ಲಿ ಬೈಕಿನ 428 ಚೈನ್ ಇತ್ತು, ಸುಮ್ನೆ ಯಾಕೆ ಬೇರೆ ಅಂತ ಅದಕ್ಕೇ 60 ಹಲ್ಲಿನ ಸ್ಪ್ರಾಕೆಟ್ ಕೊರೆಸಿದೆ. 428ರ ಪಿಚ್, ಅಂದರೆ ಚೈನಿನ ಒಂದು ಪಿನ್ನಿನಿಂದ ಮುಂದಿನದಕ್ಕಿರುವ ದೂರ, 12.7 ಮಿ.ಮೀ. 60 ಹಲ್ಲಾದರೆ ಪಿಚ್ ವೃತ್ತದ (ಚೈನ್ ಸುತ್ತಿ ಕೂರುವ ವೃತ್ತದ) ಅಗಲವೇ 243 ಮಿ.ಮೀ. ಚಕ್ರ 280. ಕೆಳಗೆ ಉಳಿಯುವುದು 18 ಮಿ.ಮೀ., ಅದರಲ್ಲಿ ಚೈನಿನ ದಪ್ಪ ಕಳೆಯಿರಿ, ನಾನು ಕೂತಾಗ ಟೈರ್ ಕುಗ್ಗುವುದನ್ನೂ ಕಳೆಯಿರಿ. ಮೊದಲ ಕಲ್ಲಿಗೇ ಕರ್ರ್ ಅಂತ ಸದ್ದು, ಚೈನ್ ಕಳಚಿ ಆಕ್ಸಲ್‌ಗೆ ಸುತ್ತಿಕೊಂಡಿತು. 35 ನಂಬರ್ ಚೈನಿನ ಪಿಚ್ 9.525 ಮಿ.ಮೀ. ಅದೇ 60 ಹಲ್ಲು 182 ಮಿ.ಮೀ.ಗೆ ಮುಗಿಯುತ್ತದೆ, ನೆಲದಿಂದ ಹೆಚ್ಚುಕಡಿಮೆ 45 ಮಿ.ಮೀ. ಮೇಲೆ. ರೇಸ್ ಕಾರ್ಟ್‌ಗಳ 219 ಚೈನ್ ಇನ್ನೂ ಸಣ್ಣದು, 7.774 ಮಿ.ಮೀ.

ಹಾಗಂತ 35 ಒಳ್ಳೆಯದು, 428 ಕೆಟ್ಟದ್ದು ಅಲ್ಲ. 428 ಒರಟು, ಲೈನ್ ಚೂರು ತಪ್ಪಿದರೂ ಓಡುತ್ತದೆ. 35ರಲ್ಲಿ ತಿರುಗುವ ರೋಲರ್‌ಗಳೇ ಇಲ್ಲ, ಎಣ್ಣೆ ಮರೆತರೆ ಬೇಗ ಸವೆಯುತ್ತದೆ. ಲೈನ್ ತಪ್ಪಿದರೆ ಕಳಚಿಕೊಂಡುಬಿಡುತ್ತದೆ. ನಾನು ಎರಡೂ ಸ್ಪ್ರಾಕೆಟ್‌ಗಳ ಮುಖಕ್ಕೆ ನೇರವಾದ ಕಬ್ಬಿಣದ ಪಟ್ಟಿ ಒತ್ತಿ ಹಿಡಿದು ನೋಡುತ್ತೇನೆ. ಸಂದಿಯಲ್ಲಿ ಬೆಳಕು ಕಂಡರೆ ಮತ್ತೆ ಸರಿಸುತ್ತೇನೆ.

ಈಗ ಹಬ್, ಅಂದರೆ ಚಕ್ರವನ್ನು ಆಕ್ಸಲ್‌ಗೆ ಹಿಡಿಸುವ ನಡುಭಾಗ. ನಾನು ಜಾಸ್ತಿ ಸಮಯ ಹಾಳುಮಾಡಿದ್ದು ಇಲ್ಲೇ.

ಸ್ಕೂಟರ್ ಚಕ್ರದ ಕಾಲದಲ್ಲಿ ಹಬ್ ಅನ್ನು ಆಕ್ಸಲ್‌ಗೆ ವೆಲ್ಡ್ ಮಾಡಿಸಿದ್ದೆ. ಗಟ್ಟಿ ಅಂದರೆ ಗಟ್ಟಿ. ಆದರೆ ಬಿಸಿಗೆ ಶಾಫ್ಟ್ ಒಂದು ಕಡೆ ಎಳೆದುಕೊಂಡಿತು, ರಿಮ್ 4 ಮಿ.ಮೀ. ಓಲಾಡುತ್ತಿತ್ತು. ಬೇರಿಂಗ್ ಬದಲಿಸಬೇಕಾದರೆ ಕಟ್ ಮಾಡಬೇಕು. ವೆಲ್ಡಿಂಗ್ ಬಗ್ಗೆ ಇಷ್ಟು ಸಾಕು.

ಆಮೇಲೆ ಗ್ರಬ್ ಸ್ಕ್ರೂ (ತಲೆಯಿಲ್ಲದ ಸಣ್ಣ ಸ್ಕ್ರೂ) ಹಬ್. ಅಲೆನ್ ಕೀ ತಿರುಗಿಸಿದರೆ ಮುಗಿಯಿತು. ಮೊದಲ ದಿನ ಏನೂ ಆಗಲಿಲ್ಲ. ಎರಡನೇ ದಿನ ಆಕ್ಸಿಲರೇಟರ್ ಒತ್ತಿದಾಗೆಲ್ಲ ಹಿಂದಿನಿಂದ ಟಕ್ ಅಂತ ಸದ್ದು. ಸ್ಕ್ರೂ ತುದಿ ಶಾಫ್ಟಿನ ಸುತ್ತ ಉಂಗುರದ ಹಾಗೆ ಗೆರೆ ಕೊರೆದಿತ್ತು. ಗೆರೆಯ ಅಂಚಿನಲ್ಲಿ ಲೋಹ ಎದ್ದು ನಿಂತು ಹಬ್ ಹೊರಗೆ ಬರಲೇ ಇಲ್ಲ. ಕೊನೆಗೆ ಪುಲ್ಲರ್ ಹಾಕಿ ಎಳೆಯಬೇಕಾಯಿತು. ಗ್ರಬ್ ಸ್ಕ್ರೂ ಇರುವುದು ಹಬ್ ಪಕ್ಕಕ್ಕೆ ಸರಿಯದಂತೆ ಹಿಡಿಯಲು, ಎಂಜಿನ್ನಿನ ತಿರುಚು ಹೊರಲು ಅಲ್ಲ.

ಈಗಿರುವುದು ಸೀಳಿದ ಕ್ಲ್ಯಾಂಪ್ ಹಬ್, ಕೀ (ಶಾಫ್ಟ್ ಮತ್ತು ಹಬ್ ನಡುವಿನ ಸಂದಿಯಲ್ಲಿ ಕೂರುವ ಲೋಹದ ತುಂಡು) ಸಮೇತ. 25 ಮಿ.ಮೀ. ಶಾಫ್ಟ್, 8×7 ಮಿ.ಮೀ. ಕೀ. ತಿರುಚನ್ನು ಕೀ ಹೊರುತ್ತದೆ, ಬೋಲ್ಟ್ ಬಿಗಿದಾಗ ಹಬ್ ಶಾಫ್ಟನ್ನು ತಬ್ಬುತ್ತದೆ. ಬೋಲ್ಟ್ ಸಡಿಲಿಸಿದರೆ ಹಬ್ ಅತ್ತಿತ್ತ ಜಾರುತ್ತದೆ. ಚೈನ್ ಲೈನ್ ಸರಿ ಮಾಡೋದು ಎರಡು ನಿಮಿಷದ ಕೆಲಸ. ಇದರ ಮುಂದೆ ಮಿಕ್ಕ ಎರಡೂ ನಿಲ್ಲುವುದಿಲ್ಲ.

ಶಾಫ್ಟ್ ತರುವಾಗ ಒಂದು ಎಚ್ಚರ. 1 ಇಂಚು ಮತ್ತು 25 ಮಿ.ಮೀ. ಒಂದೇ ಅಲ್ಲ. ಒಮ್ಮೆ ನಾನು ಯುಸಿಪಿ 205 ನಂಬರಿನ ಬೇರಿಂಗ್ ತಂದಿದ್ದೆ, ಅದರ ತೂತು 25 ಮಿ.ಮೀ. ಶಾಫ್ಟ್ 1 ಇಂಚಿನದು, ಅಂದರೆ 25.4. ಇಡೀ ಸಂಜೆ ಎಮೆರಿ ಪೇಪರ್ ಉಜ್ಜಿದೆ. 0.4 ಮಿ.ಮೀ. ಎಮೆರಿಗೆ ಹೋಗುವ ಅಳತೆಯಲ್ಲ. ಇಂಚಿನ ಶಾಫ್ಟಿಗೆ ಬೇರಿಂಗ್ ಮೇಲೆ 205-16 ಅಂತ ಇರಬೇಕು.

ಎರಡೂ ಹಿಂಚಕ್ರ ಒಟ್ಟಿಗೆ ತಿರುಗಬೇಕಾ, ಒಂದೇ ಸಾಕಾ? ಎರಡನ್ನೂ ಓಡಿಸಿದ್ದೇನೆ. ಒಂದೇ ಚಕ್ರಕ್ಕೆ ಚೈನ್ ಕೊಟ್ಟರೆ ಗಾಡಿ ಬೆಣ್ಣೆಯಂತೆ ತಿರುಗುತ್ತದೆ, ಮಕ್ಕಳ ನಿಧಾನದ ಕಾರ್ಟ್‌ಗೆ ಅದೇ ಚೆಂದ. ಆದರೆ ಸಡಿಲ ಮಣ್ಣಿನಲ್ಲಿ ಅದೊಂದೇ ಗಿರಗಿರ ತಿರುಗುತ್ತದೆ. ಬ್ರೇಕೂ ಅದೊಂದರ ಮೇಲೇ ಇದ್ದರೆ ಒತ್ತಿದಾಗ ಗಾಡಿ ಪಕ್ಕಕ್ಕೆಳೆಯುತ್ತದೆ. ಇಡೀ ಆಕ್ಸಲ್ ತಿರುಗಿದರೆ ಒಂದೇ ಡಿಸ್ಕ್ ಎರಡೂ ಚಕ್ರ ಹಿಡಿಯುತ್ತದೆ. ಬದಲಿಗೆ ತಿರುವಿನಲ್ಲಿ ಒಳಗಿನ ಚಕ್ರ ಉಜ್ಜಿಕೊಂಡು ಬರುತ್ತದೆ, ಗಾಡಿ ನೇರ ಹೋಗಲು ಹಟ ಮಾಡುತ್ತದೆ. ಅದಕ್ಕೇ ರೇಸ್ ಕಾರ್ಟ್‌ಗಳಲ್ಲಿ ಕ್ಯಾಸ್ಟರ್ ಕೋನ (ಮುಂಚಕ್ರ ತಿರುಗುವ ಪಿನ್ ಹಿಂದಕ್ಕೆ ವಾಲಿರುವ ಕೋನ) ಜಾಸ್ತಿ ಇಡುತ್ತಾರೆ. ಸ್ಟೀರಿಂಗ್ ತಿರುಗಿಸಿದಾಗ ಒಳಗಿನ ಹಿಂಚಕ್ರ ತುಸು ಮೇಲೇಳುತ್ತದೆ. ನಾನು ಇಡೀ ಆಕ್ಸಲ್ ತಿರುಗುವುದನ್ನೇ ಉಳಿಸಿಕೊಂಡೆ.

ಕಾರ್ಟ್ ರಿಮ್ ಎರಡು ಹೋಳು ಸೇರಿಸಿ ಬೋಲ್ಟ್ ಹಾಕಿದ್ದಾದರೆ, ಗಾಳಿ ಪೂರ್ತಿ ಬಿಟ್ಟ ಮೇಲೇ ಬೋಲ್ಟ್ ಮುಟ್ಟಿ. ಗಾಳಿ ಇರುವಾಗ ಬಿಚ್ಚಿದರೆ ಹೋಳುಗಳು ಸಿಡಿದು ಮುಖಕ್ಕೇ ಬರುತ್ತವೆ. ನಾನು ವಾಲ್ವ್ ಪಿನ್ ತೆಗೆದು ಪಕ್ಕದಲ್ಲಿ ಕಣ್ಣಿಗೆ ಕಾಣುವಂತೆ ಇಟ್ಟು ಆಮೇಲೆ ಸ್ಪ್ಯಾನರ್ ಹಿಡಿಯುತ್ತೇನೆ.

ಸದ್ಯ ಗಾಡಿಯಲ್ಲಿರುವುದು 10ಕ್ಕೆ 60. ಮೊನ್ನೆ 54 ಹಲ್ಲಿನದೊಂದು ತಂದಿಟ್ಟಿದ್ದೇನೆ. ಲೆಕ್ಕಕ್ಕೆ 32 ಇದ್ದದ್ದು 35 ಆಗಬೇಕು. ಹಾಕಿದ ಮೇಲೆ ಹತ್ತು ಸುತ್ತು ಓಡಿಸಿ, ಮೊದಲು ಕವರ್ ಬಿಚ್ಚಿ ಡ್ರಮ್ಮಿನ ಬಣ್ಣ ನೋಡುವವನಿದ್ದೇನೆ.