ಎರಡು ದೋಸೆಗೆ ಸೆಟ್ ಅಂತಾರಾ?

ನಮ್ಮ ಹಿಂದಿನ ರಸ್ತೆಯಲ್ಲಿ ಹೊಸದಾಗಿ ಒಂದು ದರ್ಶಿನಿ ಶುರುವಾಗಿದೆ. ಹೆಸರು ಹಾಕುವುದಿಲ್ಲ, ದಿನಾ ಅದೇ ದಾರಿಯಲ್ಲಿ ವಾಕಿಂಗ್ ಹೋಗಬೇಕು ನಾನು. ಭಾನುವಾರ ಬೆಳಿಗ್ಗೆ ಮೊಮ್ಮಗಳನ್ನು ಕರೆದುಕೊಂಡು ಹೋಗಿದ್ದೆ. ಎಪ್ಪತ್ತು ರೂಪಾಯಿ ಕೊಟ್ಟು ಸೆಟ್ ದೋಸೆಗೆ ಟೋಕನ್ ತಗೊಂಡೆ. ತಟ್ಟೆಯಲ್ಲಿ ಬಂದಿದ್ದು ಎರಡು ದೋಸೆ.

"ಇನ್ನೊಂದು ಎಲ್ಲಪ್ಪಾ?" ಅಂದೆ.

"ಸೆಟ್ ಅಂದ್ರೆ ಎರಡೇ ಸಾರ್" ಅಂದ ಹುಡುಗ. ತಲೆ ಕೂಡ ಎತ್ತಲಿಲ್ಲ.

ದೋಸೆ ಬಗ್ಗೆ ಸುಳ್ಳು ಹೇಳಬಾರದು, ಚೆನ್ನಾಗಿತ್ತು. ಹಿಟ್ಟನ್ನು ಮಸಾಲೆ ದೋಸೆ ಥರ ಎಳೆದು ತೆಳ್ಳಗೆ ಮಾಡಿರಲಿಲ್ಲ. ಹುಯ್ದು, ಸ್ವಲ್ಪ ಹರಡಿ, ಮುಚ್ಚಳ ಮುಚ್ಚಿ ಒಂದೇ ಕಡೆ ಬೇಯಿಸಿದ್ದರು. ಮೇಲೆಲ್ಲ ಸಣ್ಣ ಸಣ್ಣ ತೂತು. ಬೆರಳಲ್ಲಿ ಒತ್ತಿದರೆ ಮತ್ತೆ ಮೇಲೆದ್ದು ಬರುತ್ತಿತ್ತು. ಅವಲಕ್ಕಿಯನ್ನು ಅಳತೆ ನೋಡಿ ಹಾಕಿ ರುಬ್ಬಿದ್ದಾರೆ ಅಂತ ಅಲ್ಲೇ ಗೊತ್ತಾಗುತ್ತದೆ. ಜಾಸ್ತಿ ಆದರೆ ಅಂಟು ಅಂಟು, ಕಮ್ಮಿ ಆದರೆ ತಣ್ಣಗಾದ ಕೂಡಲೇ ಚರ್ಮ. ಸಾಗು ಕೂಡ ಪರವಾಗಿಲ್ಲ. ಬೀನ್ಸು, ಕ್ಯಾರೆಟ್ಟು, ಆಲೂಗಡ್ಡೆ, ಕೊತ್ತಂಬರಿ ಸೊಪ್ಪಿನ ಘಮ ಎಲ್ಲ ಇತ್ತು. ಚಟ್ನಿ ಮಾತ್ರ ನೀರು.

ಆದರೆ ಎರಡು! ನಾನು ತಿಂದು ಬೆಳೆದ ಹೋಟೆಲುಗಳಲ್ಲೆಲ್ಲ ಸೆಟ್ ಅಂದರೆ ಮೂರು. ಎರಡಿದ್ದರೆ ಅದು ಜೋಡಿ, ಅಲ್ವಾ?

ಈ ಪದದ ಮೇಲೆ ನನಗೆ ಸ್ವಲ್ಪ ಹಕ್ಕಿದೆ. ಮೂವತ್ತೈದು ವರ್ಷ ಟಿವಿ ರಿಪೇರಿ ಮಾಡಿದವನು ನಾನು. ನಮ್ಮ ಅಂಗಡಿಯಲ್ಲಿ ಟಿವಿಗೆ ಯಾರೂ ಟಿವಿ ಅನ್ನುತ್ತಿರಲಿಲ್ಲ. "ಸೆಟ್ ಬಿಟ್ಟು ಹೋಗಿ, ಸಂಜೆ ಬನ್ನಿ." "ಸೆಟ್ ಸತ್ತಿದೆ, ಪಿಕ್ಚರ್ ಟ್ಯೂಬೇ ಹೋಗಿದೆ." ಅಷ್ಟೇ ಮಾತು. ಆಮೇಲೆ ಸೆಟ್ ಟಾಪ್ ಬಾಕ್ಸ್ ಬಂತು. ಸೆಟ್ಟಿನ ತಲೆ ಮೇಲೆ ಕೂರುವ ಡಬ್ಬ ಅಂತ ಆ ಹೆಸರು. ಈಗ ಟಿವಿ ರಟ್ಟಿನ ಹಾಗೆ ಗೋಡೆಗೆ ನೇತಾಡುತ್ತದೆ, ಅದರ ತಲೆ ಮೇಲೆ ಬೆಂಕಿಪೊಟ್ಟಣ ಕೂಡ ನಿಲ್ಲುವುದಿಲ್ಲ. ಡಬ್ಬ ಕೆಳಗೆ ಬಿದ್ದಿದೆ. ಹೆಸರು ಇನ್ನೂ ಮೇಲೇ ಇದೆ.

ನನ್ನ ಗೊಣಗಾಟ ತಡೆಯಲಾಗದೆ ಮೊಮ್ಮಗಳು ಮೊಬೈಲ್ ತೆಗೆದಳು. 1989ರಲ್ಲಿ ಬಂದ ಆಕ್ಸ್‌ಫರ್ಡ್ ನಿಘಂಟಿನ ಎರಡನೇ ಆವೃತ್ತಿ 20 ಸಂಪುಟ ಇದೆಯಂತೆ. ಅದರಲ್ಲಿ ಸೆಟ್ ಅನ್ನುವ ಒಂದು ಕ್ರಿಯಾಪದಕ್ಕೇ 430 ಅರ್ಥ. ಈಗ ಅದನ್ನು ಹೊಸದಾಗಿ ಪರಿಷ್ಕರಿಸುವಾಗ ರನ್ ಅನ್ನುವ ಪದ 645 ಅರ್ಥ ಗಿಟ್ಟಿಸಿ ಮುಂದೆ ಹೋಗಿದೆ. "ಸೂರ್ಯ ಮುಳುಗಿದರೂ ಸೆಟ್, ಜೆಲ್ಲಿ ಗಟ್ಟಿಯಾದರೂ ಸೆಟ್, ಅಲಾರಂ ಇಟ್ಟರೂ ಸೆಟ್ ತಾತ" ಅಂತ ಓದಿ ಹೇಳಿದಳು. ದೋಸೆ ಲೆಕ್ಕ ಮಾತ್ರ ಸಿಗಲಿಲ್ಲ.

ಇಂಗ್ಲಿಷಿನವರು ಅಷ್ಟು ಮಾಡಿದ್ದರೆ ನಾವೇನು ಕಮ್ಮಿಯಾ? ಜಾತ್ರೆಗೆ ಮೈಕ್‌ಸೆಟ್. ಹುಡುಗ ಹುಡುಗಿ ಒಪ್ಪಿದರೆ ಸೆಟ್ ಆಯ್ತು, ಕೆಲಸ ಹಿಡಿಸದಿದ್ದರೆ ನಂಗೆ ಸೆಟ್ ಆಗಲ್ಲ. ಸಿನಿಮಾ ಪುಟದವರಂತೂ ಇದಕ್ಕೆ ಕನ್ನಡದ ಕಾಲು ಕೊಟ್ಟು ಹತ್ತಿಸಿಯೇ ಬಿಟ್ಟರು. ಶೂಟಿಂಗ್ ಶುರುವಾದರೆ ಸಾಕು, ಚಿತ್ರ ಸೆಟ್ಟೇರಿತು! ಲಗ್ನಕ್ಕೆ ಹಸೆ ಏರಿದ ಹಾಗೆ. ನನಗೆ ಬಹಳ ಇಷ್ಟದ ಪದ ಇದು.

"ಪಂಪ್‌ಸೆಟ್‌ನಲ್ಲಿ ಎರಡೇ ಅಲ್ವಾ ತಾತ? ಮೋಟಾರು ಒಂದು, ಪಂಪು ಒಂದು" ಅಂದಳು ಮೊಮ್ಮಗಳು. ಬಾಯಲ್ಲಿ ನನ್ನದೇ ದೋಸೆ.

"ಸ್ಟಾರ್ಟರ್ ಇಲ್ಲದೆ ಓಡುತ್ತಾ? ಮೂರು" ಅಂದೆ.

ಕೈ ತೊಳೆದು ಗಲ್ಲೆಯಲ್ಲಿದ್ದ ಯಜಮಾನರ ಹತ್ತಿರ ಹೋದೆ. "ಏನ್ ಸ್ವಾಮಿ, ಸೆಟ್ಟಲ್ಲಿ ಒಂದು ಕಮ್ಮಿ?" ಅಂತ ಕೇಳಿದೆ. ಜಗಳಕ್ಕೆ ಬರುತ್ತಾರೆ ಅಂದುಕೊಂಡಿದ್ದೆ. ಅವರು ನಕ್ಕರು. "ಮೂರು ಕೊಟ್ಟರೆ ಅರ್ಧ ಜನ ಒಂದು ಬಿಟ್ಟು ಹೋಗ್ತಾರೆ ಸಾರ್. ನಿಮಗೆ ಬೇಕಾದ್ರೆ ಎಕ್ಸ್‌ಟ್ರಾ ಒಂದು ಅನ್ನಿ, ಮೂವತ್ತು ರೂಪಾಯಿ" ಅಂದರು. ಅಲ್ಲಿಗೆ ನನ್ನ ಸೆಟ್ಟಿಗೆ ನೂರು ರೂಪಾಯಿ. ಹೊಟ್ಟೆ ಉರಿಯಿತು. ಆದರೂ ತಗೊಂಡೆ.

ಐದಕ್ಕೆ ಮೂರೂವರೆ ಅಂಕ ಕೊಡುತ್ತೇನೆ. ಒಂದು ಹೋಗಿದ್ದು ಆ ಮೂರನೇ ದೋಸೆಗೆ, ಅರ್ಧ ಚಟ್ನಿಗೆ. ಹೋಗುವವರು ಒಂಬತ್ತರ ಒಳಗೆ ಹೋಗಿ. ನಾವು ಏಳುವ ಹೊತ್ತಿಗೇ ಸಾಗು ಪಾತ್ರೆಗೆ ಒಂದು ಚೊಂಬು ನೀರು ಬಿದ್ದಿತ್ತು.