ಎಫ್‌ಎಸ್‌ಎಲ್‌ಐಸ್: ಮಿದುಳಿನ ನಕ್ಷೆಯ ಧನ, ಋಣ ಮೌಲ್ಯಗಳನ್ನು ಒಟ್ಟಿಗೆ ನೋಡಲು

ಎಫ್‌ಎಂಆರ್‌ಐ (ಮಿದುಳಿನ ಚಟುವಟಿಕೆಯನ್ನು ಅಳೆಯುವ ಸ್ಕ್ಯಾನ್) ಫಲಿತಾಂಶಗಳನ್ನು ನೋಡಲು ಹಲವು ವರ್ಷಗಳಿಂದ ನಾನು ಬಳಸುತ್ತಿರುವುದು ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ಎಫ್‌ಎಸ್‌ಎಲ್‌ಐಸ್ ಎಂಬ ಉಚಿತ ತಂತ್ರಾಂಶವನ್ನು. ಅದರಲ್ಲಿ ನನಗೆ ಅತ್ಯಂತ ಉಪಯುಕ್ತವೆನಿಸಿರುವುದು ಋಣ ಮೌಲ್ಯಗಳಿಗೆ ಪ್ರತ್ಯೇಕ ವರ್ಣಪಟ್ಟಿ ಕೊಡುವ ಸೌಲಭ್ಯ.

ಝಡ್ ನಕ್ಷೆಯೊಂದನ್ನು (ಪ್ರತಿ ಬಿಂದುವಿನ ಬದಲಾವಣೆ ಅಂಕಿಅಂಶದ ದೃಷ್ಟಿಯಿಂದ ಎಷ್ಟು ಪ್ರಬಲವೆಂದು ತೋರಿಸುವ ನಕ್ಷೆ) ಎಂಎನ್‌ಐ152 ಎಂಬ ಮಾದರಿ ಮಿದುಳಿನ ಮೇಲೆ ಹೊದಿಸಿ, ಕೆಂಪು–ಹಳದಿ ಪಟ್ಟಿಯನ್ನು ಆರಿಸಿ, ವ್ಯಾಪ್ತಿಯನ್ನು 3.1ರಿಂದ 6ಕ್ಕೆ ಇಟ್ಟರೆ ಧನ ಭಾಗಗಳಷ್ಟೇ ಕಾಣುತ್ತವೆ. ಋಣ ವರ್ಣಪಟ್ಟಿಯನ್ನು ಚಾಲೂ ಮಾಡಿ ನೀಲಿ–ತಿಳಿನೀಲಿ ಕೊಟ್ಟೊಡನೆ –3.1ಕ್ಕಿಂತ ಕೆಳಗಿನ ಭಾಗಗಳೂ ಮೂಡುತ್ತವೆ. ನಡುವಿನ ಮೌಲ್ಯಗಳು ಪಾರದರ್ಶಕವಾಗಿಯೇ ಉಳಿಯುತ್ತವೆ. ಗಮನ ಬೇಡುವ ಕೆಲಸದ ನಕ್ಷೆಯಲ್ಲಿ ಹಣೆಯ ಹಿಂಬದಿಯ ಮತ್ತು ನೆತ್ತಿಯ ಪಾರ್ಶ್ವಗಳ ಭಾಗಗಳು ಕೆಂಪಾಗಿ, ಅದೇ ಹೊತ್ತಿಗೆ ಹಿಂಬದಿಯ ಸಿಂಗ್ಯುಲೇಟ್ ಭಾಗ ನೀಲಿಯಾಗಿ ಕಂಡಾಗ, ಚಟುವಟಿಕೆ ಹೆಚ್ಚಿದ್ದೆಲ್ಲಿ, ತಗ್ಗಿದ್ದೆಲ್ಲಿ ಎಂಬುದು ಒಂದೇ ನೋಟಕ್ಕೆ ತಿಳಿಯುತ್ತದೆ. ಎರಡೂ ಬಣ್ಣಗಳಿಗೆ ಒಂದೇ ಮಿತಿ ಅನ್ವಯಿಸುವುದರಿಂದ ಒಂದು ಬದಿಯನ್ನು ಮಾತ್ರ ಹಿಗ್ಗಿಸಿ ತೋರಿಸುವ ಅವಕಾಶವೂ ಇರುವುದಿಲ್ಲ. ಇದನ್ನು ನಾನು ಈ ಸೌಲಭ್ಯದ ದೊಡ್ಡ ಗುಣವೆಂದು ಪರಿಗಣಿಸುತ್ತೇನೆ.

ಹೊಸಬರು ಎಚ್ಚರ ವಹಿಸಬೇಕಾದ ಸಂಗತಿಯೊಂದಿದೆ. ಎಫ್‌ಎಂಆರ್‌ಐ ವಿಶ್ಲೇಷಣೆಯ ತಂತ್ರಾಂಶವಾದ ಫೀಟ್ ಕೊಡುವ, ಮಿತಿ ಹಾಕಿದ ಝಡ್ ಕಡತದಲ್ಲಿ ಋಣ ಮೌಲ್ಯಗಳೇ ಇರುವುದಿಲ್ಲ, ಏಕೆಂದರೆ ಅಲ್ಲಿನ ಪರೀಕ್ಷೆ ಒಂದೇ ದಿಕ್ಕಿನದು. ಅದನ್ನು ತೆರೆದು ನೀಲಿಯನ್ನು ಹುಡುಕಿದರೆ ಏನೂ ಸಿಗದು, ಅದರಿಂದ ಇಳಿಕೆಯೇ ಇಲ್ಲವೆಂದು ತೀರ್ಮಾನಿಸುವುದೂ ಸರಿಯಲ್ಲ. ಮಿತಿ ಹಾಕದ ಮೂಲ ನಕ್ಷೆಯನ್ನು ತೆರೆದರೆ ಎರಡೂ ಬದಿಗಳು ಸಿಗುತ್ತವೆ, ಆದರೆ ಅಲ್ಲಿ ಕ್ಲಸ್ಟರ್ ತಿದ್ದುಪಡಿ (ಆಕಸ್ಮಿಕವಾಗಿ ಮೂಡಿರಬಹುದಾದ ಗುಂಪುಗಳನ್ನು ಸೋಸುವ ಲೆಕ್ಕಾಚಾರ) ಆಗಿರುವುದಿಲ್ಲ; ಪ್ರಕಟಣೆಗೆ ಚಿತ್ರ ಬೇಕೆಂದರೆ ವಿರುದ್ಧ ಕಾಂಟ್ರಾಸ್ಟನ್ನೂ (ಅದೇ ಹೋಲಿಕೆಯನ್ನು ತಿರುಗಿಸಿ ನೋಡುವುದು) ವಿಶ್ಲೇಷಣೆಯಲ್ಲೇ ಸೇರಿಸಿ, ಅದರ ಕಡತವನ್ನು ನೀಲಿಯಲ್ಲಿ ಬೇರೆ ಪದರವಾಗಿ ಹೊದಿಸುವುದೇ ಸರಿಯಾದ ದಾರಿ.

ಎರಡು ಬದಿಗಳಿಗೆ ಬೇರೆ ಬೇರೆ ಮಿತಿ ಬೇಕಾದಾಗ ಒಂದೇ ಚಿತ್ರವನ್ನು ಎರಡು ಸಲ ತೆರೆಯಬೇಕಾಗುತ್ತದೆ. ಎಂಆರ್‌ಐಕ್ರೋಜಿಎಲ್ ಎಂಬ ಇನ್ನೊಂದು ವೀಕ್ಷಣಾ ತಂತ್ರಾಂಶದಲ್ಲಿಯೂ ನಾನು ಹೀಗೆಯೇ ಮಾಡುತ್ತೇನೆ. ದೂರದ ಸರ್ವರ್‌ನಿಂದ ಪರದೆಯನ್ನು ತರಿಸಿಕೊಂಡು ನಡೆಸಿದರೆ ಓಪನ್‌ಜಿಎಲ್ ಎಂಬ ಚಿತ್ರ ಬಿಡಿಸುವ ವ್ಯವಸ್ಥೆಯ ಕಾರಣದಿಂದ ನಿಧಾನವಾಗುತ್ತದೆ. ಇವು ಸಹಿಸಬಹುದಾದ ಕೊರತೆಗಳು. ಇಂಟರ್‌ಪೊಲೇಷನ್ (ಬಿಂದುಗಳ ನಡುವಿನ ಮೌಲ್ಯಗಳನ್ನು ಅಂದಾಜಿಸುವುದು) ವಿಷಯದಲ್ಲಿ ಮಾತ್ರ ರಾಜಿ ಬೇಡ: ಮಿತಿ ಹಾಕಿದ ಕಡತಕ್ಕೆ ನಯಗೊಳಿಸುವ ಆಯ್ಕೆ ಕೊಟ್ಟರೆ ಪಕ್ಕದ ಸೊನ್ನೆಗಳೊಡನೆ ಬೆರೆತು ಕ್ಲಸ್ಟರಿನ ಅಂಚು ಬದಲಾಗುತ್ತದೆ. ಹಾಗಾಗಿ ಅಂಥ ಪದರಗಳನ್ನು ನಾನು ಅತಿ ಹತ್ತಿರದ ನೆರೆಯ ಮೌಲ್ಯವನ್ನಷ್ಟೇ ತೆಗೆದುಕೊಳ್ಳುವ ಆಯ್ಕೆಯಲ್ಲೇ, ವೋಕ್ಸೆಲ್‌ಗಳ (ಚಿತ್ರದ ಮೂರು ಆಯಾಮದ ಕಣಗಳ) ಚೌಕಗಳು ಕಾಣುವಂತೆಯೇ ಬಿಡುತ್ತೇನೆ.